ಎರವಲು ಸೂರ್ಯ

ಕಟೊವೀತ್ಸೆಯಲ್ಲಿ ನವೆಂಬರಿಗೆ ನಾಲ್ಕಕ್ಕೇ ಕತ್ತಲು.
ಹಳೇ ಟ್ರಾಮ್ ಡಿಪೋದ ಮೂರನೇ ಮಹಡಿಯಲ್ಲಿ ಕೂತು
ದಿನಕ್ಕೆ ಎಂಟು ಗಂಟೆ ಗೋಡೆಗೆ ಹಾಯುತ್ತೇನೆ.
ನನ್ನ ಕೆಲಸವೇ ಅದು:
ಇನ್ನೂ ಮುಗಿಯದ ಆಟಗಳೊಳಗೆ ಹೊಕ್ಕು
ನೆಲ ಎಲ್ಲಿ ಟೊಳ್ಳು, ಬಾಗಿಲು ಎಲ್ಲಿ ಸುಳ್ಳು,
ಸತ್ತವನು ಎಲ್ಲಿ ಇನ್ನೂ ನಿಂತೇ ಇದ್ದಾನೆ ಎಂದು
ನಂಬರು ಹಾಕಿ ಬರೆದಿಡುವುದು.

ಹದಿನಾರು ವರ್ಷ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಕತೆ.
ಈಚೆಗೆ ನನ್ನೊಡನೆ ನಾನೇ ಪಂದ್ಯ ಕಟ್ಟುತ್ತೇನೆ:
ಹೆಸರು ನೋಡದೆ, ಶಬ್ದ ಮುಚ್ಚಿ,
ನಿಮಿಷದೊಳಗೆ ಹೇಳಬೇಕು, ಎಂಜಿನ್ ಯಾವುದು.
ಸೋತೇ ಇಲ್ಲ.
ಮಳೆ ನಿಂತ ರಸ್ತೆ ಅತಿಯಾಗಿ ಹೊಳೆದರೆ, ಅದು.
ಬಂಡೆಗಳೆಲ್ಲ ನಿನ್ನೆ ತಾನೇ ಎಣ್ಣೆ ಹಚ್ಚಿಸಿಕೊಂಡಂತಿದ್ದರೆ, ಅದು.
ಕತ್ತಲ ಕೋಣೆಯಿಂದ ಹೊರಬಂದಾಗ ಕಣ್ಣು ಕೋರೈಸಿ
ಎಣಿಸಿದಂತೆ ಎರಡೇ ಕ್ಷಣಕ್ಕೆ ತಿಳಿಯಾದರೆ
ಅದೇ, ಅದೇ.
ಮಂಗಳ ಗ್ರಹದಲ್ಲೂ ಅದೇ ಸೂರ್ಯ,
ಹದಿನಾಲ್ಕನೇ ಶತಮಾನದ ಮಠದಂಗಳದಲ್ಲೂ ಅದೇ,
ಪೆಟ್ಟಿಗೆಯಿಂದ ತೆಗೆದು ತೂಗುಹಾಕಿದ ಹಾಗೇ
ಯಾರ ಕೈಯೂ ತಾಗದ ಸೂರ್ಯ.

ದೂರುವುದು ಸುಲಭ.
ಎಂಜಿನ್ ಇಲ್ಲದಿದ್ದರೆ ನಾವು ಏಳು ಜನ
ಬೀಳುವ ಕಲ್ಲನ್ನು ಬೀಳಿಸುವುದರಲ್ಲೇ ಮುದುಕರಾಗುತ್ತಿದ್ದೆವು.
ಒಲೆ ಒಂದೇ ಎಂದು ಸಾರು ಒಂದೇ ಆಗಬೇಕಿಲ್ಲ, ಗೊತ್ತು.
ಆದರೆ ಬಾಡಿಗೆಯ ತಾರೀಕು ಹತ್ತಿರ ಬಂದಾಗ
ಕೈಗುಣಕ್ಕೆ ಪುರಸೊತ್ತೆಲ್ಲಿ?
ಉಪ್ಪೂ ಅವರದೇ, ಹುಳಿಯೂ ಅವರದೇ, ಬಡಿಸಿಬಿಡುತ್ತೇವೆ.

ಎವಾಲ್ಡ್ ಒಂದು ಕಾಲಕ್ಕೆ ಸ್ವಂತ ಎಂಜಿನ್ ಬರೆದಿದ್ದ.
ಅದಕ್ಕೆ ಮಂಜು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.
ದೀಪದ ಸುತ್ತ ಕಂದುಗಟ್ಟಿ ಕೂತುಬಿಡುತ್ತಿತ್ತು;
ನಾವು ಮೆಟ್ಟಿಲಿಳಿದರೆ ತುಸು ತಡೆದು
ಹಿಂದಿನಿಂದ ಇಳಿದು ಬರುತ್ತಿತ್ತು,
ಸಾಲ ಕೇಳಲು ಬಂದು ಬಾಯಿ ಬಾರದ ನೆಂಟನ ಹಾಗೆ.
ನಾನೇ ಬರೆದಿದ್ದೆ. ತಪ್ಪು ೨೧೧೪: ಮಂಜು ತಡವಾಗುತ್ತಿದೆ.
ಮೂರು ವರ್ಷ ತಿದ್ದಿದ, ಹತ್ತಲಿಲ್ಲ.
ಕೊನೆಗೆ ಎಂಜಿನ್ನನ್ನೇ ಬಿಟ್ಟು ಎರವಲು ತಂದೆವು.
ಮಂಜು ಸರಿಹೋಯಿತು.
ಎಲ್ಲರ ಮಂಜಿನ ಹಾಗೆ ಸರಿಹೋಯಿತು.

ಈ ವರ್ಷ ಬೆಳಕು ಹಾಕಲು ಬೋಗ್ನಾ ಬಂದಳು,
ಗಣಿ ಕೆಲಸಗಾರರ ಕೆಂಪಿಟ್ಟಿಗೆ ಕೇರಿಯಲ್ಲಿ ಬೆಳೆದವಳು.
ನಮ್ಮ ಆಟದಲ್ಲೂ ಅದೇ ಕೇರಿ,
ಕಿಟಕಿಯ ಅಂಚಿಗೆ ಅದೇ ಕೆಂಪು ಬಣ್ಣ.
ಪರದೆ ನೋಡಿ ಅಂದಳು:
“ಇದು ನಮ್ಮ ಬೀದಿಯಲ್ಲ.
ನಮ್ಮ ಬೀದಿಗೆ ಯಾರೋ ಸ್ನಾನ ಮಾಡಿಸಿದ್ದಾರೆ.”
ಹಳೇ ಆಟವನ್ನು ಚಿಕ್ಕವಳಿದ್ದಾಗ ಆಡಿದ್ದಳಂತೆ.
“ಹಿಂದೆ ಹಿಂದೆ ಬರುತ್ತಿತ್ತಲ್ಲ, ಆ ಮಂಜು ಬೇಕು.
ಅಜ್ಜಿ ಕಲ್ಲಿದ್ದಲ ಒಲೆ ಹಚ್ಚಿದರೆ
ನಮ್ಮ ಮೆಟ್ಟಿಲಲ್ಲಿ ಹೊಗೆ ಹಾಗೇ ಬರುತ್ತಿತ್ತು.”

ಎವಾಲ್ಡ್ ನನ್ನ ಮುಖ ನೋಡಿದ.
ನಾನು ಕಾಫಿ ಲೋಟದ ತಳ ನೋಡಿದೆ.

ಒಂದು ತಪ್ಪನ್ನು ತಪ್ಪಿಲ್ಲದಂತೆ ಮತ್ತೆ ಕಟ್ಟಲು
ಹನ್ನೊಂದು ವಾರ.
ಎಂಜಿನ್ ಒಪ್ಪುವುದಿಲ್ಲ. ಅದು ಸಂಭಾವಿತ,
ತಡವಾಗಿ ಬರುವುದು ಅದರ ಜಾಯಮಾನವಲ್ಲ.
ಅಗ್ಗದ ಮೆಷಿನ್ನುಗಳಲ್ಲಿ ಚಿತ್ರ ಮುಗ್ಗರಿಸಿತು,
ಫ್ಯಾನು ಬೊಬ್ಬೆ ಹೊಡೆಯಿತು.
ಲೆಕ್ಕ ಹಾಕಿ ಎವಾಲ್ಡನೇ ಹೇಳಿದ:
ಊರಿಡೀ ಆಗದು. ಒಂದು ಮನೆಗೆ ಆದೀತು.

ಹಾಗಾಗಿ ನಮ್ಮ ಆಟದ ಊರಿಗೆಲ್ಲ ಎರವಲು ಬಿಸಿಲು.
ಹದಿನೇಳನೇ ನಂಬರಿನ ಮೆಟ್ಟಿಲಸಾಲು ಮಾತ್ರ ನಮ್ಮದು.
ಇಪ್ಪತ್ತೆರಡು ಮೆಟ್ಟಿಲು. ಇಳಿಯಲು ಹನ್ನೆರಡು ಸೆಕೆಂಡು.
ಓಡುವವರಿಗೆ ಐದು.

ನಿನ್ನೆ ಹೊಸ ಹುಡುಗ ರೆಮಿಗ್ಯುಶ್ ಬರೆದು ಕಳಿಸಿದ್ದಾನೆ:
ಹದಿನೇಳರಲ್ಲಿ ಮಂಜು ತಡವಾಗುತ್ತಿದೆ.
ಸರಿಯಾಗೇ ಬರೆದಿದ್ದಾನೆ, ಕಣ್ಣು ಚುರುಕು.
ಉತ್ತರ ಬರೆಯುವ ಮೊದಲು
ನಾನೂ ಒಳಗೆ ಹೋಗಿ ಅರ್ಧ ಮೆಟ್ಟಿಲಿಳಿದು ನಿಂತೆ,
ಅದು ಬಂದು ಸೇರಿಕೊಳ್ಳಲಿ ಎಂದು.