ತಾರೀಕಿನ ಚೌಕ

ವೇಲ್ಸಿನ ಲಾನೆಲ್ಲಿ. ನೆರಿಸಳ ಬಾಗಿಲಿಗೆ ಕಂದು ಲಕೋಟೆ ಎರಡು.
ಒಂದರಲ್ಲಿ: ಮಕ್ಕಳ ಭತ್ಯೆ ಹಂತಹಂತವಾಗಿ ನಿಲ್ಲುತ್ತದೆ,
ಹೊಸದಕ್ಕೆ ಅರ್ಜಿ ಹಾಕಿ, ಏಪ್ರಿಲ್ ಒಂಬತ್ತರೊಳಗೆ.
ಇನ್ನೊಂದು, ಅದೇ ದಿನದ್ದು, ಅದೇ ಸಹಿ:
ತಾವು ಏನೂ ಮಾಡಬೇಕಾಗಿಲ್ಲ.
ಎರಡನ್ನೂ ಕೆಟಲಿಗೆ ಒರಗಿಸಿಟ್ಟಳು,
ಜಗಳ ತಾವೇ ಬಗೆಹರಿಸಿಕೊಳ್ಳಲಿ ಎಂದು.

ಫೋನಿನಲ್ಲಿ ನಲವತ್ತು ನಿಮಿಷ ಪಿಟೀಲು.
ಆಮೇಲೊಬ್ಬ ಹುಡುಗ: ಎರಡನೆಯದನ್ನು ಮರೆತುಬಿಡಿ ಮೇಡಂ,
ಮೊದಲನೆಯದನ್ನೂ. ಮೂರನೆಯದು ಅಂಚೆಯಲ್ಲಿದೆ.

ಮೂರನೆಯದು ಹನ್ನೆರಡು ಪುಟ.
ಮಗ ಹವೆಲ್‌ಗೆ ಶಾಲೆಯ ಪತ್ರ, ಸರಿ. ಬಾಡಿಗೆ ಚೀಟಿ, ಸರಿ.
ಕ್ಯಾಂಟೀನಿನ ಸಂಬಳ ವಾರಕ್ಕೋ ತಿಂಗಳಿಗೋ, ಅದನ್ನೂ ತುಂಬಿದಳು.
ಏಳನೆಯ ಪುಟದಲ್ಲಿ ಪೆನ್ನು ನಿಂತಿತು:
ಸಂಗಾತಿ ಮನೆ ಬಿಟ್ಟ ತಾರೀಕು?

ಎಮ್ರಿಸ್ ಒಂದೇ ದಿನ ಹೋದವನಲ್ಲ.
ಮೊದಲು ಮೀನಿನ ಗಾಳ ಹೋಯಿತು,
ಕ್ರಿಸ್‌ಮಸ್ ಕಳೆದು ರೇಜರು,
ಆಮೇಲೆ ನಾಯಿ.
ಕೋಟು ಇನ್ನೂ ಮೊಳೆಯಲ್ಲೇ ಇದೆ.

ಚೌಕಗಳು ಎಂಟೇ. ದಿನ, ತಿಂಗಳು, ವರ್ಷ.
ಗೆರೆ ದಾಟಿ, ಅಂಚಿನವರೆಗೂ,
ಸಣ್ಣಕ್ಷರದಲ್ಲಿ ಬರೆದಳು:
ಹಂತಹಂತವಾಗಿ.

ಎದ್ದು ಕೋಟಿನ ಜೇಬು ತಡಕಿದಳು,
ಅಂಚೆಚೀಟಿ ಇದ್ದೀತೆಂದು.