ಬಣವಿ ಸಂಘದ ಕಿರ್ದಿ

ನಮ್ಮ ಸಂಘಕ್ಕ ಬೋರ್ಡಿಲ್ಲ.
ಅಥಣಿ ದಾರಿಯಾಗ ಕರಿಮಡ್ಡಿ ಸ್ಟಾಪಿಗೆ ಇಳಿದು
ಟೇಲರ್ ಅಂಗಡಿ ಕೇಳ್ರಿ.
ಹೊಲಿಗಿ ಮಷೀನಿನ ಕೆಳಗ, ಪೆಡಲಿಗೆ ತಾಗದಂಗ,
ಕೆಂಪು ಬಟ್ಟಿ ಸುತ್ತಿದ ಕಿರ್ದಿ ಐತಿ.
ಅದೇ ಆಫೀಸು. ನಾನು ನಾಲ್ಕನೇ ಕಾರ್ಯದರ್ಶಿ.

ಮೊದಲನೇ ಪುಟ, ಐವತ್ತೇಳನೇ ಇಸವಿ, ಮಾಘ ಮಾಸ:
ನೇಮಣ್ಣ ಉಪಾಧ್ಯೆಯ ಬಣವಿ ಸುಟ್ಟಿತು.
ಎರಡು ಎತ್ತು, ಒಂದು ಗಬ್ಬದ ಎಮ್ಮಿ,
ಮುಂದ ಉದ್ದಕ ಬ್ಯಾಸಗಿ.
ಬೂದಿ ಆರೋದರೊಳಗ
ಅರಳಿ ಹಿಂಜೋ ದಸ್ತಗೀರ ನದಾಫ ಬಂದನಂತ,
ತುಂಡು ಹೊಲ ಇಲ್ಲದವ,
ಗಾದಿ ತುಂಬಿದ್ದಕ್ಕ ಕೂಲಿಯಾಗಿ ಸಿಕ್ಕ
ಐದು ಸೂಡು ಕಣಕಿ ತಲಿ ಮ್ಯಾಲ ಹೊತ್ತು.
ಇಳಿಸಿದ. ಕೈ ಝಾಡಿಸಿದ. ಏನೂ ಅನ್ನದ ಹ್ವಾದ.
ಊರಿಗೆ ನಾಚಿಕಿ ಆತು.
ಸಂಘ ಹುಟ್ಟಿದ್ದು ಹಂಗ, ನಾಚಿಕಿಯಿಂದ.

ಕಾನೂನು ಮೂರೇ.
ಬೆಂಕಿ ಬಿದ್ದವರಿಗೆ ಮನಿಗೆ ಐದು ಸೂಡು.
ಮಳಿಗೆ ಕೊಳೆತದ್ದಕ್ಕ ಇಲ್ಲ, ಅದು ಒಟ್ಟಿದವರ ತಪ್ಪು.
ಹಚ್ಚಿದವರು ಯಾರಂತ ಕೇಳಬಾರದು.

ಮೂರನೇದರ ಮ್ಯಾಲ ಮೂರು ರಾತ್ರಿ ಜಗಳಾಗೇತಿ.
ನೇಮಣ್ಣನ ಮಾತು ಹಂಗ ಬರದಿಟ್ಟಾರ:
"ಹೆಸರು ಹುಡುಕಾಕ ಹೋದ್ರ ಎರಡನೇ ಬಣವಿ ಸುಡತೈತಿ.
ದನಕ್ಕ ಹೆಸರು ಬ್ಯಾಡ, ಮೇವು ಬೇಕು."

ಆಮ್ಯಾಲ ಪುಟ ಪುಟ ಕಿಡಿ:
ಬೀಡಿ, ದೀಪಾವಳಿ ಬಾಣ, ಲೈಟಿನ ತಂತಿ.
ಕಂಬಾರ ಯಮನಪ್ಪನ ಛಪ್ಪರ ಸುಟ್ಟಾಗ
ಛಪ್ಪರ ಬಣವಿ ಹೌದೋ ಅಲ್ಲೋ?
ತೀರ್ಮಾನ: ಮ್ಯಾಲ ಕಣಕಿ ಹೊದಿಸಿತ್ತು. ಹೌದು.

ಎಂಬತ್ತೊಂದರಾಗ ಚಿಕ್ಕೋಡಿಯಿಂದ ಒಬ್ಬ ಸಾಹೇಬ.
"ನೋಂದಣಿ ಇಲ್ಲ, ಬಂಡವಾಳ ಇಲ್ಲ, ಇದೆಂಥಾ ವಿಮಾ?"
ಎರಡನೇ ಕಾರ್ಯದರ್ಶಿ ಸಾವಂತ್ರೆವ್ವ
ಹಿತ್ತಲ ಬಾಗಿಲಾ ತೆಗೆದು
ಊರ ತುಂಬ ನಿಂತ ಬಣವಿ ತೋರಿಸಿದ್ಲು:
"ಠೇವು ಇವೇ ರೀ. ಬಡ್ಡಿ ಎಮ್ಮಿ ಕೊಡತಾವ."
ಖರ್ಚಿನ ಬಾಬ್ತು: ಸಕ್ಕರಿ, ಚಹಾಪುಡಿ, ಅರವತ್ತು ಪೈಸೆ.
ಹಾಲು ಬರದಿಲ್ಲ.

ಎಂಬತ್ತಾರನೇ ಇಸವಿ ಪುಟ ನಾ ಲಗೂ ಹೊಳ್ಳಸತೀನಿ.
ಸಾವಂತ್ರೆವ್ವನ ಬಣವಿ.
ಕಾರಣ ಅನ್ನೋ ಕಡೆ ಆಕಿ ಬರೇ ಗೆರಿ ಎಳದಾಳ.
ನನಗ ಆಗ ಒಂಬತ್ತು.
ಕಿಸೆದಾಗ ಎರಡು ಕಡ್ಡಿ ಉಳಿದ ಪೆಟ್ಟಿಗಿ.
ಓಡೋವಾಗ ಹೊಳ್ಳಿ ನೋಡಿದೆ,
ಹಿತ್ತಲ ಬಾಗಿಲದಾಗ ನಿಂತಿದ್ಲು.

ಮರುದಿನ ನಮ್ಮ ಮನಿ ಐದು ಸೂಡಿನಾಗ
ಒಂದು ನನ್ನ ತಲಿ ಮ್ಯಾಲಿತ್ತು.
"ಭಾರ ಆತೇನೋ?" ಅಂದ್ಲು.
ಅಷ್ಟೇ.
ಹದಿನೆಂಟು ವರ್ಷ ಆದಮ್ಯಾಲ, ಹಣ್ಣಾಗಿ ಕುಂತಾಗ,
ಈ ಕಿರ್ದಿ ನನ್ನ ಕೈಗೇ ಕೊಡ್ರಿ ಅಂದಾಕಿ ಆಕಿನ.

ಈಗ ಎಲ್ಲಾ ಕಡೆ ಕಬ್ಬು.
ನೂರಾ ಹನ್ನೊಂದು ಮನಿಯಾಗ ಮೂವತ್ತೆಂಟು ಉಳಿದಾವ.
ಹ್ವಾದ ಶಿವರಾತ್ರಿ ಮುಂದ ಬಾಳವ್ವ ಘಾಟಗೆಯ ಬಣವಿ ಹತ್ತಿತು.
ಕತ್ತಲಾಗೋದರೊಳಗ ಟ್ರ್ಯಾಕ್ಟರ್, ಸೈಕಲ್, ತಲಿ,
ಹೆಂಗ ಸಾಧ್ಯ ಹಂಗ ಸೂಡು ಬಂದ್ವು.
ಮೂವತ್ತೇಳು ಮನಿ, ನೂರಾ ಎಂಬತ್ತೈದು ಆಗಬೇಕು.
ಲೆಕ್ಕ ಹಿಡಿಯೋ ಹುಡುಗ ಎರಡು ಸಲ ಎಣಿಸಿದ.
"ಕಾಕಾ, ಒಂದು ಹೆಚ್ಚಿಗಿ ಐತಿ.
ಯಾರ ಹೆಸರಿಗೆ ಬರೀಲಿ?
ಹಿಂದಿನ ಸಲಾನೂ ಒಂದು ಹೆಚ್ಚಿಗಿ ಇತ್ತು."

ಮೂರನೇ ಕಾನೂನು ತೋರಿಸಿದೆ.
ಕನ್ನಡಕ ಒರಸಿಕೊಂಡು
ಸೂಜಿಗೆ ದಾರ ಪೋಣಿಸಾಕ ಕುಂತೆ.