ಮೂರನೇ ಸಾಲು

ಶಾರ್ಜಾದ ರೋಲಾದಲ್ಲಿ ನಮ್ಮದು ಒಂದೂವರೆ ಕೋಣೆ.
ಅರ್ಧ ಎಂದರೆ ಬಾಲ್ಕನಿ; ಅಪ್ಪ ಅದಕ್ಕೆ ಗಾಜು ಹಾಕಿಸಿ
ನನಗೊಂದು ಮೇಜು ಇಟ್ಟುಕೊಟ್ಟದ್ದು.
ಪ್ಲೈವುಡ್ ಗೋಡೆಯ ಆಚೆ ಮೋನಾಕ,
ನಡುರಾತ್ರಿಯಿಂದ ಮಧ್ಯಾಹ್ನದವರೆಗೆ ನೀರಿನ ಟ್ಯಾಂಕರ್ ಓಡಿಸಿ
ಬಿಸಿಲಿಗೆ ಬೆನ್ನು ಹಾಕಿ ಮಲಗುವವರು.

ಹಾಗಾಗಿ ನಮ್ಮಲ್ಲಿ ಒಗ್ಗರಣೆಯೂ ಮೆಲ್ಲಗೆ.
ಅಮ್ಮ ಸಾಸಿವೆಯ ಮೇಲೆ ಮುಚ್ಚಳ ಒತ್ತಿ ಹಿಡಿಯುತ್ತಾಳೆ
ತುಂಟ ಮಗುವಿನ ಬಾಯಿ ಮುಚ್ಚಿದ ಹಾಗೆ.
ಸೀನು ಬಂದರೆ ದಿಂಬು.

ನಾನು ಹಾಡುವುದು ಎಸಿ ಹೊಡೆದುಕೊಳ್ಳುವಾಗ ಮಾತ್ರ.
ಹಳೇ ಕಿಟಕಿ ಎಸಿ. ಕಂಪ್ರೆಸರ್ ಎದ್ದಿತೋ,
ಐದು ಮನೆ ಶ್ರುತಿ, ತುಸು ಗೊಗ್ಗರು.
ಅದರ ಹೊಟ್ಟೆಯೊಳಗೆ ನನ್ನ ದನಿ ಬಚ್ಚಿಟ್ಟು
ಏಳು ನಿಮಿಷ. ಅದು ನಿಂತರೆ ನಾನೂ ನಿಲ್ಲಬೇಕು,
ಪದದ ನಡುವೆಯೇ ಆದರೂ.
ಮಿಸ್ ಕೊಟ್ಟದ್ದು ಇಂಗ್ಲಿಷ್ ಹಾಡು, ಹದಿನಾರು ಸಾಲು,
ಯಾವುದೋ ಹಿಮ ಬೀಳುವ ಊರಿನದು.
ಹೆಜ್ಜೆ ಕಲಿತದ್ದು ಮಡಚಿದ ಕಂಬಳಿಯ ಮೇಲೆ, ಬರಿಗಾಲಲ್ಲಿ.

ಆಯ್ಕೆ ಇದ್ದದ್ದು ಗುರುವಾರ, ಕೊನೆಯ ಪಿರಿಯಡ್ಡು.
ಹಾಡಬೇಕು, ಹಾಡುತ್ತಲೇ ಕುಣಿಯಬೇಕು,
ಕುಣಿಯುತ್ತಲೇ ಹಲ್ಲು ಕಾಣಬೇಕು,
ಅದಕ್ಕೆ ಬೇರೆ ಅಂಕ.
ಆನ್ಸಿಟಾ ಲೋಬೊ ಹೊರಗೆ ಬಂದು
"ಏನಿಲ್ಲ ಮಾರಾಯ್ತಿ, ಸುಲಭ" ಎಂದಳು.
ಅವಳದು ವಿಲ್ಲಾ. ಬಾತ್‌ರೂಮಿನಲ್ಲೇ ಪ್ರತಿಧ್ವನಿ ಇದೆ.

ಸಭಾಂಗಣದಲ್ಲಿ ಎಸಿ ಎಲ್ಲಿದೆಯೆಂದೇ ತಿಳಿಯುವುದಿಲ್ಲ.
ತಣ್ಣಗಿದೆ, ಸದ್ದಿಲ್ಲ.
ಅಷ್ಟೊಂದು ಖಾಲಿ ಜಾಗವನ್ನು ನಾನು ಕಿವಿಯಿಂದ ನೋಡಿದ್ದು ಅದೇ ಮೊದಲು.
ಓಫೀಲಿಯಾ ಮಿಸ್ ಪಿಯಾನೊದ ಒಂದು ಮನೆ ಒತ್ತಿ
"ಹ್ಞೂಂ, ಶುರು" ಎಂದರು.
ಬಾಯಿ ತೆರೆಯಿತು. ಹಾಡು ಬಂದಿತಂತೆ,
ಮೊದಲ ಬೆಂಚಿನವರೆಗೂ ತಲುಪಲಿಲ್ಲವಂತೆ.
"ಜೋರಾಗಿ." ನಾನು ಜೋರಾದೆ.
"ಜೋರಾಗಿ, ಮಗೂ." ನಾನು ಆಗಲೇ ಜೋರಾಗಿದ್ದೆ.
"ಯಾರು ಮಲಗಿದ್ದಾರೆ ಇಲ್ಲಿ?" ಎಂದರು ನಗುತ್ತ.

ಅವರಿಗೆ ಹೇಗೆ ಗೊತ್ತು!
ಬಲಕ್ಕೆ ತಿರುಗಿ ನೋಡಿದೆ, ಗೋಡೆಯ ಕಡೆಗೆ.
ಸಿಮೆಂಟಿನ ಗೋಡೆ. ಆಚೆ ಬಾಸ್ಕೆಟ್‌ಬಾಲ್ ಅಂಗಳ, ಬಿಸಿಲು,
ಒಂದು ನರಪಿಳ್ಳೆಯೂ ಇಲ್ಲ.

ಆಮೇಲಿನದು ಸರಿಯಾಗಿ ನೆನಪಿಲ್ಲ.
ಎಲ್ಲೋ ನಡುವೆ ಏನೋ ಬಿಚ್ಚಿಕೊಂಡಿತು,
ಕುಕ್ಕರಿನ ವಿಷಲ್ಲು ಕಿತ್ತುಹೋದ ಹಾಗೆ,
ಒರಟಾಗಿ, ಶ್ರುತಿಯಿಂದ ಚೂರು ಮೇಲಕ್ಕೆ ಹಾರಿ.
ನನ್ನ ದನಿಗೆ ನಾನೇ ಬೆಚ್ಚಿ
ಎಡಗಾಲಿನ ಹೆಜ್ಜೆ ಬಲಗಾಲಿಗೆ ಹಾಕಿದೆ.
ಹಲ್ಲು ತೋರಿಸುವುದು ಮರೆತೇಹೋಯಿತು.
ಮಿಸ್ ಏನೋ ಬರೆದುಕೊಂಡರು. ಬಹಳ ಹೊತ್ತು ಬರೆದರು.
"ಪಟ್ಟಿ ಸೋಮವಾರ. ತೆಗೆದುಕೊಂಡರೆ ಮೂರನೇ ಸಾಲಿಗೆ,
ಎತ್ತರ ಇದ್ದೀಯಲ್ಲ."

ಮನೆಗೆ ಬಂದು ಹಾಡಲಿಲ್ಲ.
ಎಸಿ ಎದ್ದಿತು, ಮಲಗಿತು, ಮತ್ತೆ ಎದ್ದಿತು.
ಆಚೆ ಮಂಚ ಕಿರುಗುಟ್ಟಿತು,
ಈ ಮಗ್ಗುಲು, ಆ ಮಗ್ಗುಲು.

ಅಡುಗೆಮನೆ ಎರಡೂ ಬಿಡಾರಕ್ಕೆ ಒಂದೇ. ಸಂಜೆ ಅಲ್ಲಿ
ಮೋನಾಕ ಕೆಂಪು ಕಣ್ಣಲ್ಲಿ ಚಾ ಕುದಿಸುತ್ತಿದ್ದರು.
"ಇವತ್ತು ಯಾಕೆ ಮಗಳೇ, ಹಾಡಿಲ್ಲ?
ನಿದ್ದೆಯೇ ಹಿಡಿಯಲಿಲ್ಲ ನನಗೆ."
ನನ್ನ ಕಿವಿ ಬಿಸಿಯಾಯಿತು. ಕೇಳುತ್ತಿತ್ತಾ?
"ಈ ಹಲಗೆಯಲ್ಲಿ ಏನುಂಟು, ಕಾಗದ!
ದಿನಾ ಮೂರನೇ ಸಾಲಿಗೆ ನನಗೆ ಕಣ್ಣು ಕೂರುತ್ತದೆ.
ಅದರ ಮುಂದೆ ಹೇಗೆ ಅದು?
ಎರಡು ತಿಂಗಳಾಯಿತು, ಇವತ್ತಿನವರೆಗೆ ಗೊತ್ತಿಲ್ಲ."

ಚಾ ಉಕ್ಕಿತು. ಅವರು ಒಲೆ ಸಣ್ಣ ಮಾಡಿದರು.
ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನು ಗರ್ರೆನ್ನುತ್ತಿತ್ತು.
ಅದರ ಶ್ರುತಿ ನನಗೆ ಎಂದೂ ಕೂಡಿಬಂದದ್ದಿಲ್ಲ.
ಕೈ ಚಾಚಿ ಅದನ್ನು ಆರಿಸಿದೆ.